ಕಂಠದ ಅಳತೆ

ನಾನು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ದಿನಗಳ ಮಾತು. ಮಂಡಿ ಮೊಹಲ್ಲದ ಓಣಿಯೊಂದರಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುವ ವೃದ್ಧ ಸಾಹೇಬರೊಬ್ಬರಿದ್ದರು. ನನ್ನ ಸಹಪಾಠಿಯೊಬ್ಬ ತನ್ನ ಹಳೆಯ ಟೂ-ಸ್ಟ್ರೋಕ್ ಗಾಡಿಯನ್ನು ಅವರ ಮುಂದೆ ನಿಲ್ಲಿಸಿ, ಗುಜರಿ ಅಂಗಡಿಯಿಂದ ಕೊಂಡು ತಂದಿದ್ದ ದೊಡ್ಡದೊಂದು ಕಾರ್ಬುರೇಟರನ್ನು ಅವರ ಕೈಗಿತ್ತು, "ಸಾಹೇಬ್ರೇ, ಇದನ್ನ ಕೂರಿಸಿಕೊಡಿ, ಗಾಡಿ ಹಾರಬೇಕು" ಎಂದ. ಸಾಹೇಬರು ಅದನ್ನು ಬೆಳಕಿಗೆ ಹಿಡಿದರು, ಒಳಗಿನ ಕಂಠದಲ್ಲಿ ಹೆಬ್ಬೆರಳನ್ನು ಆಡಿಸಿ ನೋಡಿದರು, ನಕ್ಕರು. "ಬಾಯಿ ದೊಡ್ಡದಾದ್ರೆ ಹೊಟ್ಟೆ ದೊಡ್ಡದಾಗುತ್ತೇನಪ್ಪಾ?" ಎಂದು ಕೇಳಿ ಅದನ್ನು ಹಿಂದಕ್ಕೆ ಕೊಟ್ಟರು.

ಅವನು ಆ ಮಾತಿಗೆ ಕಿವಿಗೊಡಲಿಲ್ಲ. ಬೇರೆಲ್ಲಿಯೋ ಕೂರಿಸಿಕೊಂಡ. ಮೂರನೆಯ ದಿನ ಶ್ರೀರಂಗಪಟ್ಟಣದ ರಸ್ತೆಯಲ್ಲಿ ಪೂರ್ಣ ವೇಗದಿಂದ ಹೋಗುತ್ತಿರುವಾಗ ಎಂಜಿನ್ ಸೀಜ್ ಆಯಿತು. ಎಂದರೆ, ಕಾದು ಉಬ್ಬಿದ ಪಿಸ್ಟನ್ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಂಡು ನಿಂತುಬಿಟ್ಟಿತು. ಅದರೊಡನೆ ಹಿಂದಿನ ಚಕ್ರವೂ ನಿಂತಿತು. ಅವನ ಕೈ ತಾನಾಗಿ ಕ್ಲಚ್ಚನ್ನು ಅದುಮಿದ್ದರಿಂದ ಪ್ರಾಣ ಉಳಿಯಿತು. ಒಂದಲ್ಲ, ಎರಡು ಪ್ರಾಣ. ಹಿಂದೆ ಕುಳಿತಿದ್ದವನು ನಾನು.

ಸಾಹೇಬರ ಪ್ರಶ್ನೆ ಅಂದಿನಿಂದ ನನ್ನೊಡನೆ ಉಳಿದಿದೆ. ಎಂಜಿನ್ ಉಸಿರಾಡುವ ದಾರಿ ಅಗಲವಾದಷ್ಟೂ ಅದರ ಬಲ ಹೆಚ್ಚಬೇಕಲ್ಲವೆ? ಅಗಲವಾದ ತೂಬಿನಿಂದ ಹೆಚ್ಚು ನೀರು ಹರಿಯುವುದಿಲ್ಲವೆ? ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ತಪ್ಪು ಎಲ್ಲಿದೆಯೆಂಬುದನ್ನು ತಿಳಿಯಲು ಕಾರ್ಬುರೇಟರಿನ ಚರಿತ್ರೆಯನ್ನೇ ಸ್ವಲ್ಪ ತಿರುವಿ ನೋಡಬೇಕಾಗುತ್ತದೆ.

ಮೇಕೆದಾಟುವನ್ನು ನೋಡಿದವರಿಗೆ ಈ ಚರಿತ್ರೆಯ ಮೊದಲನೆಯ ಪಾಠ ಆಗಲೇ ಗೊತ್ತಿದೆ. ವಿಶಾಲವಾದ ಪಾತ್ರದಲ್ಲಿ ಸಾವಧಾನವಾಗಿ ಬರುವ ಕಾವೇರಿ, ಮೇಕೆ ಹಾರಿ ದಾಟಿತೆಂದು ಜನ ಹೇಳುವಷ್ಟು ಇಕ್ಕಟ್ಟಾದ ಬಂಡೆಗಳ ನಡುವೆ ನುಗ್ಗುವಾಗ ಅದರ ವೇಗವೇ ಬೇರೆ. ಹರಿಯುವ ವಸ್ತುವಿನ ದಾರಿ ಕಿರಿದಾದರೆ ವೇಗ ಹೆಚ್ಚುತ್ತದೆ. ಮುಚ್ಚಿದ ಕೊಳವೆಯಲ್ಲಿಯಾದರೆ ಇನ್ನೊಂದು ವಿಶೇಷವೂ ಉಂಟು: ವೇಗ ಹೆಚ್ಚಿದ ಕಡೆ ಒತ್ತಡ ಕಡಿಮೆಯಾಗುತ್ತದೆ. ಡೇನಿಯಲ್ ಬರ್ನೂಲಿ ಎಂಬ ಪಂಡಿತನು 1738ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವನ್ನು ನಿರೂಪಿಸಿದನು. ಇಟಲಿಯ ಜಿಯೋವನ್ನಿ ಬಟಿಸ್ಟ ವೆಂಚುರಿ 1797ರಲ್ಲಿ ನಡುವೆ ಕಿರಿದಾಗಿ ಮತ್ತೆ ಅಗಲವಾಗುವ ಕೊಳವೆಗಳ ಮೇಲೆ ತಾನು ನಡೆಸಿದ ಪ್ರಯೋಗಗಳನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದನು. ಅವನ ಹೆಸರಿನಿಂದಲೇ ಅಂಥ ಕೊಳವೆಗೆ ವೆಂಚುರಿ ಎಂಬ ಹೆಸರು ನಿಂತಿದೆ.

ಈ ಕೊಳವೆಗೆ ದೊರೆತ ಮೊದಲ ದೊಡ್ಡ ಉದ್ಯೋಗ ಯಾವುದು? ಅಳತೆಯ ಕೆಲಸ. 1880ರ ದಶಕದಲ್ಲಿ ಅಮೆರಿಕದ ಜಲಶಾಸ್ತ್ರಜ್ಞ ಕ್ಲೆಮೆನ್ಸ್ ಹರ್ಷೆಲ್, ದೊಡ್ಡ ಕೊಳವೆಗಳಲ್ಲಿ ಎಷ್ಟು ನೀರು ಹರಿಯುತ್ತಿದೆಯೆಂಬುದನ್ನು ಅಳೆಯಲು ವೆಂಚುರಿಯನ್ನು ಬಳಸಿದನು. ಅಗಲವಾದ ಕಡೆಯ ಒತ್ತಡಕ್ಕೂ ಕಿರಿದಾದ ಕಡೆಯ ಒತ್ತಡಕ್ಕೂ ಇರುವ ಅಂತರವನ್ನು ನೋಡಿ ಹರಿವಿನ ಲೆಕ್ಕ ಹೇಳುವ ಸಾಧನ ಅದು. ಈ ಸಂಗತಿಯನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಬೇಕು. ಕಿರಿದಾದ ಕಂಠವು ಹರಿವಿಗೆ ಅಡ್ಡ ಬಂದ ಒಂದು ಕೊರತೆಯಲ್ಲ. ಅದೇ ಅಳೆಯುವ ಸೇರು.

ಪೆಟ್ರೋಲಿನಿಂದ ಓಡುವ ಎಂಜಿನ್ ಹುಟ್ಟಿದಾಗ ಈ ಸೇರಿನ ಅಗತ್ಯ ಯಾರಿಗೂ ತೋರಿರಲಿಲ್ಲ. ಕಾರ್ಲ್ ಬೆಂಜ್‌ನ ಮೊದಲ ಬಂಡಿಯಲ್ಲಿ ಗಾಳಿ ಇಂಧನದ ಮೇಲ್ಮೈಯನ್ನು ಸವರಿಕೊಂಡು ಹೋಗಿ, ಅದರಿಂದೆದ್ದ ಆವಿಯನ್ನು ಹೊತ್ತುಕೊಂಡು ಸಿಲಿಂಡರಿಗೆ ಸೇರುತ್ತಿತ್ತು. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಬತ್ತಿಗಳನ್ನು ಪೆಟ್ರೋಲಿನಲ್ಲಿ ಅದ್ದಿಟ್ಟು, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹೀರಿಸಿ, ಅವುಗಳ ಮೂಲಕ ಗಾಳಿಯನ್ನು ಹಾಯಿಸಿದನು. ಬಿಸಿಲಿದ್ದರೆ ಆವಿ ಹೆಚ್ಚು, ಚಳಿಯಿದ್ದರೆ ಕಡಿಮೆ. ಎಂಜಿನ್ ಎಷ್ಟು ಕೇಳುತ್ತದೆಯೋ ಅಷ್ಟನ್ನೇ ಬಡಿಸುವ ಉಪಾಯ ಅಲ್ಲಿರಲಿಲ್ಲ.

ಆ ಉಪಾಯ 1893ರಲ್ಲಿ ಎರಡು ಕಡೆ ಸ್ವತಂತ್ರವಾಗಿ ಬೆಳಕಿಗೆ ಬಂದಿತು. ಹಂಗೆರಿಯಲ್ಲಿ ದೊನಾತ್ ಬಾಂಕಿ ಮತ್ತು ಯಾನೊಷ್ ಚೋಂಕ ಎಂಬಿಬ್ಬರು ಸಿಂಪರಣೆಯ ಕಾರ್ಬುರೇಟರಿಗೆ ಪೇಟೆಂಟ್ ಪಡೆದರು. ಅದೇ ವರ್ಷ ಜರ್ಮನಿಯಲ್ಲಿ ವಿಲ್ಹೆಲ್ಮ್ ಮೇಬಾಕ್‌ನೂ ಅದೇ ಬಗೆಯದನ್ನು ರೂಪಿಸಿದನು. ಹೂ ಮಾರುವ ಹುಡುಗಿಯೊಬ್ಬಳು ಬಾಯಿಯಿಂದ ಊದಿ ಹೂಗಳ ಮೇಲೆ ನೀರು ಚಿಮುಕಿಸುವುದನ್ನು ನೋಡಿ ಹಂಗೆರಿಯವರಿಗೆ ಈ ಆಲೋಚನೆ ಹೊಳೆಯಿತೆಂದು ಒಂದು ಕಥೆಯಿದೆ. ಕಥೆ ನಿಜವೋ ಅಲ್ಲವೋ, ತತ್ತ್ವವನ್ನು ಮಾತ್ರ ಅದು ಚೆನ್ನಾಗಿ ಹೇಳುತ್ತದೆ. ಕಂಠದಲ್ಲಿ ಗಾಳಿ ವೇಗವಾಗಿ ಹಾಯುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್, ಜೆಟ್ ಎಂಬ ಸೂಕ್ಷ್ಮ ರಂಧ್ರದ ಮೂಲಕ ಮೇಲೇರಿ ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಗಾಳಿ ಹೆಚ್ಚಿದರೆ ಸೆಳೆತ ಹೆಚ್ಚು, ಪೆಟ್ರೋಲೂ ಹೆಚ್ಚು. ಬಡಿಸುವವನೂ ಅದೇ, ಅಳೆಯುವವನೂ ಅದೇ.

ಇನ್ನು ಎರಡು ಹೊಡೆತದ ಎಂಜಿನ್ನಿಗೆ ಬರೋಣ. ಸ್ಕಾಟ್ಲೆಂಡಿನ ಡೂಗಲ್ಡ್ ಕ್ಲರ್ಕ್ 1881ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಮಿಶ್ರಣವನ್ನು ಒಳಕ್ಕೆ ತಳ್ಳಲು ಬೇರೊಂದು ಸಿಲಿಂಡರಿತ್ತು. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಆ ಹೆಚ್ಚಿನ ಸಿಲಿಂಡರನ್ನು ಕೈಬಿಟ್ಟು, ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸನ್ನೇ ತಿದಿಯನ್ನಾಗಿ ಮಾಡಿಕೊಂಡನು. ಅವನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ಕಾಕ್, ಪಿಸ್ಟನ್ನಿನ ಅಂಚೇ ಒಳದಾರಿಯನ್ನು ತೆರೆದು ಮುಚ್ಚುವಂತೆ 1892ರಲ್ಲಿ ಅದನ್ನು ಇನ್ನೂ ಸರಳಗೊಳಿಸಿದನು. ಕಮ್ಮಾರನ ತಿದಿಯಂತೆ ಪಿಸ್ಟನ್ ಮೇಲೇರಿದಾಗ ಕೆಳಗೆ ಗಾಳಿ ಸೆಳೆಯುತ್ತದೆ, ಇಳಿದಾಗ ಅದನ್ನು ಮೇಲಕ್ಕೆ ಊದುತ್ತದೆ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉರಿದರೆ ಇದು ಪ್ರತಿ ಸುತ್ತಿಗೂ ಉರಿಯುತ್ತದೆ. ಹಗುರ, ಅಗ್ಗ, ಚುರುಕು: ಬಡವರ ವಾಹನಗಳಿಗೆ ಇದಕ್ಕಿಂತ ಒಪ್ಪುವ ಯಂತ್ರ ಬಹುಕಾಲ ಇರಲಿಲ್ಲ.

ಆದರೆ ಈ ಸರಳತೆಯಲ್ಲಿ ಒಂದು ಅಪಾಯವೂ ಅಡಗಿದೆ. ಕ್ರ್ಯಾಂಕ್‌ಕೇಸೇ ಗಾಳಿಯ ದಾರಿಯಾದ ಮೇಲೆ ಅಲ್ಲಿ ಎಣ್ಣೆಯ ಕೊಳ ಇರುವಂತಿಲ್ಲ. ಬೇರಿಂಗಿಗೂ ಪಿಸ್ಟನ್ನಿಗೂ ಬೇಕಾದ ಎಣ್ಣೆ ಒಳಬರುವ ಮಿಶ್ರಣದೊಡನೆಯೇ ಬರಬೇಕು. ನಮ್ಮ ಕಾಲದಲ್ಲಿ ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸಿಕೊಳ್ಳುತ್ತಿದ್ದುದು ಇದಕ್ಕಾಗಿಯೇ. ಹೀಗೆ ಬೆರೆಸುವ ಎಂಜಿನ್ನಿನಲ್ಲಿ ಪೆಟ್ರೋಲೇ ಆಹಾರ, ಅದರೊಡನೆ ಬಂದದ್ದೇ ಎಣ್ಣೆ, ಆವಿಯಾಗುವಾಗ ಅದು ಹೀರುವ ಶಾಖವೇ ಪಿಸ್ಟನ್ನಿಗೆ ತಂಪು. ಪೆಟ್ರೋಲಿನ ಪಾಲು ಕಡಿಮೆಯಾದರೆ ಶಕ್ತಿಯೊಂದೇ ಕುಗ್ಗುವುದಿಲ್ಲ. ಎಣ್ಣೆಯೂ ತಂಪೂ ಒಟ್ಟಿಗೆ ತಪ್ಪುತ್ತವೆ. ನನ್ನ ಮಿತ್ರನ ಗಾಡಿಗೆ ಆದದ್ದು ಇದೇ. ಅವನು ಕಂಠವನ್ನು ಅಗಲ ಮಾಡಿದ. ಆದ್ದರಿಂದ ಅಲ್ಲಿ ಗಾಳಿಯ ವೇಗ ತಗ್ಗಿತು. ಆದ್ದರಿಂದ ಸೆಳೆತ ಕುಂದಿತು. ಒಳಗಿದ್ದ ಜೆಟ್ ಆ ಕುಂದನ್ನು ತುಂಬಿಕೊಡುವಷ್ಟು ದೊಡ್ಡದಾಗಿರಲಿಲ್ಲ. ಗಾಳಿ ಬಂದಿತು, ಪೆಟ್ರೋಲ್ ಬರಲಿಲ್ಲ.

ಹಾಗಾದರೆ ದೊಡ್ಡ ಕಂಠದ ಆಸೆ ಬರಿಯ ಭ್ರಮೆಯೆ? ಖಂಡಿತವಾಗಿ ಅಲ್ಲ. ಅದಕ್ಕೂ ಒಂದು ಗೌರವಾನ್ವಿತ ಇತಿಹಾಸವಿದೆ. ಪೂರ್ವ ಜರ್ಮನಿಯ ಚೊಪಾವ್ ಎಂಬ ಊರಿನ ಎಂ.ಜೆಡ್. ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್, 1950ರ ದಶಕದಲ್ಲಿ ಹಣ ಸಾಮಗ್ರಿಗಳೆರಡರ ಅಭಾವದ ನಡುವೆ, ಹೊಗೆಕೊಳವೆಯ ಆಕಾರವನ್ನೇ ಅಭ್ಯಾಸ ಮಾಡಿದನು. ನಡುವೆ ಉಬ್ಬಿದ ಕೊಳವೆಯಲ್ಲಿ ಹೊರಟ ಒತ್ತಡದ ಅಲೆಯು ತುದಿಯಿಂದ ಹಿಂದಿರುಗಿ ಬಂದು, ಹೊರಗೆ ಸೋರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುವಂತೆ ಮಾಡಿದನು. 1961ರ ವೇಳೆಗೆ ಅವನ 125 ಸಿ.ಸಿ. ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿಗೆ 200 ಅಶ್ವಶಕ್ತಿಯ ಲೆಕ್ಕ. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ಸಂದರ್ಭದಲ್ಲಿ ಪಶ್ಚಿಮಕ್ಕೆ ಓಡಿಹೋಗಿ ಜಪಾನಿನ ಸುಜುಕಿಯನ್ನು ಸೇರಿದನು. ಮರುವರ್ಷವೇ 50 ಸಿ.ಸಿ. ವರ್ಗದ ವಿಶ್ವವಿಜಯ ಸುಜುಕಿಯ ಪಾಲಾಯಿತು. ಕಾಡೆನ್ನನ ವಿದ್ಯೆ ಹೀಗೆ ಪೂರ್ವ ಜರ್ಮನಿಯ ಗಡಿಯನ್ನು ದಾಟಿ ಜಗತ್ತಿನ ವಿದ್ಯೆಯಾಯಿತು.

ಈ ವಿದ್ಯೆಯ ಲಾಭದೊಡನೆ ನಷ್ಟವೂ ಬಂದಿತು. ಅಲೆ ಹಿಂದಿರುಗಿ ಬರುವ ಕಾಲಕ್ಕೂ ಪಿಸ್ಟನ್ ದಾರಿಯನ್ನು ಮುಚ್ಚುವ ಕಾಲಕ್ಕೂ ಹೊಂದಿಕೆಯಾಗುವುದು ಕೆಲವೇ ವೇಗಗಳಲ್ಲಿ. ಆ ಕಿರಿದಾದ ಅಂತರದಲ್ಲಿ ಎಂಜಿನ್ ಸಿಂಹ. ಅದರ ಕೆಳಗೆ ಸಾಧುಪ್ರಾಣಿ. ಪಂದ್ಯದ ಎಂಜಿನ್ನಿಗೆ ದೊಡ್ಡ ಕಂಠ ಒಪ್ಪುತ್ತಿದ್ದುದು ಅದು ಸದಾ ಆ ಉನ್ನತ ವೇಗದಲ್ಲಿಯೇ ಓಡುತ್ತಿದ್ದುದರಿಂದ. ದಿನಸಿ ಚೀಲ ತೂಗುಹಾಕಿಕೊಂಡು ಸಂತೆಯಿಂದ ಬರುವ ಗಾಡಿಯ ಬಾಳು ಅಂಥದಲ್ಲ. ಮೈಸೂರಿನಲ್ಲಿ 1960ರ ದಶಕದ ಆರಂಭದಿಂದ ಜಾವಾ ಮತ್ತು ಬಳಿಕ ಯೆಜ್ಡಿ ಗಾಡಿಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯ ಎಂಜಿನ್ನುಗಳು ಈ ಎರಡನೆಯ ಜಾತಿಯವು. ನಿಧಾನವಾಗಿ ಹೋಗುವಾಗಲೂ ಎಳೆಯುವ ಶಕ್ತಿಯೇ ಅವುಗಳ ಕೀರ್ತಿ.

ಪಂದ್ಯದ ಆಸೆ ಮತ್ತು ದಿನದ ಬಳಕೆ, ಇವೆರಡೂ ಒಂದೇ ಯಂತ್ರದಲ್ಲಿ ಮುಖಾಮುಖಿಯಾದ ಪ್ರಸಂಗವನ್ನು ನೋಡಬೇಕಾದರೆ ಅಮೆರಿಕಕ್ಕೆ ಹೋಗಬೇಕು. ಅಲ್ಲಿ 1970ರಲ್ಲಿ ಹೋಂಡ ಕಂಪನಿ ಉಬ್ಬಿದ ದೊಡ್ಡ ಟೈರುಗಳ ಮೂರು ಚಕ್ರದ ವಾಹನವೊಂದನ್ನು ಮಾರತೊಡಗಿತು. ರಸ್ತೆಯಿಲ್ಲದ ಕಡೆ, ಮರಳಿನಲ್ಲಿ, ಕೆಸರಿನಲ್ಲಿ, ಹೊಲದಲ್ಲಿ ಓಡುವ ವಾಹನ, ಎ.ಟಿ.ವಿ. ಎಂಬ ಮೂರಕ್ಷರದಿಂದ ಅದು ಪ್ರಸಿದ್ಧವಾಯಿತು. 1980ರ ದಶಕದಲ್ಲಿ ಅದಕ್ಕೆ ಟೂ-ಸ್ಟ್ರೋಕ್ ಎಂಜಿನ್ನೂ ನಾಲ್ಕನೆಯ ಚಕ್ರವೂ ಬಂದವು. 1987ರಲ್ಲಿ ಯಮಹ ಹೊರತಂದ ಬ್ಯಾನ್ಶೀ ಎಂಬ ಗಾಡಿ ಈ ವಂಶದ ಅತಿ ಹೆಸರಾದ ಕುಡಿ. ರಸ್ತೆಯ ಮೋಟಾರ್ ಸೈಕಲ್ಲಿನಿಂದ ಇಳಿದು ಬಂದ 347 ಸಿ.ಸಿ. ಎಂಜಿನ್, ಎರಡು ಸಿಲಿಂಡರು, ಒಂದೊಂದಕ್ಕೂ 26 ಮಿಲಿಮೀಟರ್ ಕಂಠದ ಒಂದೊಂದು ಮಿಕುನಿ ಕಾರ್ಬುರೇಟರು.

ಆ ಗಾಡಿಯನ್ನು ಕೊಂಡವರು ಅದನ್ನು ಕೊಂಡಂತೆಯೇ ಇಟ್ಟುಕೊಳ್ಳಲಿಲ್ಲ. ಹೊಗೆಕೊಳವೆ ಬದಲಾಯಿಸಿದರು, ಸಿಲಿಂಡರಿನ ಕಿಂಡಿಗಳನ್ನು ಅರದಿಂದ ಉಜ್ಜಿ ಎತ್ತರಿಸಿದರು, ಆಮೇಲೆ ಪ್ರಶ್ನೆ ಎದ್ದಿತು: ಈಗ ಎಷ್ಟು ದೊಡ್ಡ ಕಾರ್ಬುರೇಟರ್? 28? 33? 34? ಅಂಕಿಗಳು ನೋಡಲು ಸಾಧುವಾಗಿವೆ. ಎಂಟು ಮಿಲಿಮೀಟರು ಎಂದರೆ ಒಂದು ಬೆರಳಿನಗಲವೂ ಅಲ್ಲ. ಆದರೆ ಗಾಳಿ ಹಾಯುವುದು ವ್ಯಾಸದ ಮೂಲಕವಲ್ಲ, ವಿಸ್ತೀರ್ಣದ ಮೂಲಕ. 26 ಮಿಲಿಮೀಟರಿನ ವೃತ್ತದ ವಿಸ್ತೀರ್ಣ ಸುಮಾರು 531 ಚದರ ಮಿಲಿಮೀಟರು. 34ರದು ಸುಮಾರು 908. ನೂರಕ್ಕೆ ಎಪ್ಪತ್ತೊಂದರಷ್ಟು ಹೆಚ್ಚಳ! ಎಂಜಿನ್ ಸೆಳೆಯುವ ಗಾಳಿ ಅಷ್ಟೇ ಪ್ರಮಾಣದಲ್ಲಿ ಹೆಚ್ಚದಿದ್ದರೆ ಕಂಠದಲ್ಲಿ ಅದರ ವೇಗ ಇಳಿಯಲೇಬೇಕು.

ಇದಕ್ಕೆ ಎಂಜಿನ್ ತಿದ್ದುವವರ ನಡುವೆ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರವಿದೆ. ಒಂದು ಸಿಲಿಂಡರಿನ ಗಾತ್ರವನ್ನು ಲೀಟರಿನಲ್ಲಿ ಬರೆದುಕೊಳ್ಳಿ. ಎಂಜಿನ್ ತನ್ನ ಪರಮಾವಧಿ ಶಕ್ತಿಯನ್ನು ಕೊಡುವಾಗ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಯೋ ಆ ಸಂಖ್ಯೆಯಿಂದ ಅದನ್ನು ಗುಣಿಸಿ, ವರ್ಗಮೂಲ ತೆಗೆಯಿರಿ. ಬಂದದ್ದನ್ನು 0.65ರಿಂದ 0.9ರವರೆಗಿನ ಒಂದು ಗುಣಕದಿಂದ ಗುಣಿಸಿದರೆ ಕಂಠದ ವ್ಯಾಸ ಮಿಲಿಮೀಟರಿನಲ್ಲಿ ದೊರೆಯುತ್ತದೆ. ಬ್ಯಾನ್ಶೀಯ ಒಂದು ಸಿಲಿಂಡರು 0.1735 ಲೀಟರು. ತಿದ್ದಿದ ಎಂಜಿನ್ 9,500 ಸುತ್ತಿನಲ್ಲಿ ಹೆಚ್ಚಿನ ಶಕ್ತಿ ಕೊಡುತ್ತದೆಂದು ಇಟ್ಟುಕೊಳ್ಳೋಣ. ಗುಣಲಬ್ಧ ಸುಮಾರು 1,648, ವರ್ಗಮೂಲ 40.6. ಕಡಿಮೆಯ ಗುಣಕ ಹಿಡಿದರೆ 26 ಮಿಲಿಮೀಟರು. ಹೆಚ್ಚಿನದನ್ನು ಹಿಡಿದರೆ ಸುಮಾರು 36.5.

ನೋಡಿದಿರಾ ಈ ಸೂತ್ರದ ಪ್ರಾಮಾಣಿಕತೆ! ಕಾರ್ಖಾನೆ ಕೊಟ್ಟ 26 ಇದೆಯಲ್ಲ, ಅದನ್ನೂ ಅದು ಒಪ್ಪುತ್ತದೆ. ಹತ್ತು ಮಿಲಿಮೀಟರು ಮಿಗಿಲಾದುದನ್ನೂ ಒಪ್ಪುತ್ತದೆ. ಗಣಿತವು ನಮ್ಮನ್ನು ಬಾಗಿಲವರೆಗೆ ತಂದು ಬಿಟ್ಟು, ಇನ್ನು ನೀವೇ ನೋಡಿಕೊಳ್ಳಿ ಎಂದು ಕೈಮುಗಿಯುತ್ತದೆ. ಗುಣಕವನ್ನು ಆರಿಸಬೇಕಾದವನು ಸವಾರ. ಆರಿಸುವ ಮುನ್ನ ಅವನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಈ ಗಾಡಿಯನ್ನು ಓಡಿಸುವುದು ಎಲ್ಲಿ?

ಕ್ಯಾಲಿಫೋರ್ನಿಯದ ಗ್ಲಾಮಿಸ್ ಎಂಬಲ್ಲಿ ಮೈಲುಗಟ್ಟಲೆ ಮರಳುಗುಡ್ಡಗಳಿವೆ. ಎತ್ತರವಾದ ದಿಬ್ಬವೊಂದರ ಬುಡದಲ್ಲಿ ಗಾಡಿಗಳು ಸಾಲಾಗಿ ನಿಂತು, ಆಕ್ಸಿಲರೇಟರನ್ನು ಪೂರ್ತಿ ತೆರೆದು ತುದಿಗೆ ನುಗ್ಗುತ್ತವೆ. ಮರಳು ಎಂಜಿನ್ನನ್ನು ಬಿಡದೆ ಜಗ್ಗುತ್ತದೆ. ಎಂಜಿನ್ ತನ್ನ ಉನ್ನತ ವೇಗದಿಂದ ಕೆಳಗಿಳಿಯುವುದೇ ಇಲ್ಲ. ಅಲ್ಲಿ ದೊಡ್ಡ ಕಂಠಕ್ಕೆ ಅರ್ಥವಿದೆ. ಅದೇ ಗಾಡಿಯನ್ನು ಮರಗಳ ನಡುವಿನ ಅಂಕುಡೊಂಕಾದ ಕಾಲುದಾರಿಗೆ ತನ್ನಿ. ಕ್ಷಣಕ್ಷಣಕ್ಕೂ ಆಕ್ಸಿಲರೇಟರನ್ನು ಮುಚ್ಚಿ ತೆರೆಯಬೇಕು. ದೊಡ್ಡ ಕಂಠದಲ್ಲಿ ಗಾಳಿ ತೂಕಡಿಸುತ್ತದೆ; ಪೆಟ್ರೋಲ್ ತುಂತುರಾಗದೆ ಹನಿಹನಿಯಾಗಿ ಬೀಳುತ್ತದೆ; ತಿರುವಿನಿಂದ ಹೊರಬಂದು ಶಕ್ತಿಯನ್ನು ಕೇಳಿದಾಗ ಎಂಜಿನ್ ಒಮ್ಮೆ ಬಿಕ್ಕಿ, ಆಮೇಲೆ ಒಮ್ಮೆಲೇ ಹಾರುತ್ತದೆ. ಒಬ್ಬನಿಗೆ 34 ಸರಿಯಾದರೆ ಇನ್ನೊಬ್ಬನಿಗೆ 28 ಸರಿ. ಇಬ್ಬರದೂ ಒಂದೇ ಎಂಜಿನ್, ಒಂದೇ ಗಣಿತ.

ಬಲ್ಲವರು ಇನ್ನೂ ಒಂದು ಕ್ರಮವನ್ನು ಪಾಲಿಸುತ್ತಾರೆ. ಹೊಗೆಕೊಳವೆ, ಕಿಂಡಿಗಳು, ಒಳದಾರಿಯ ರೀಡ್ ಕವಾಟ, ಇವುಗಳನ್ನೆಲ್ಲ ತಿದ್ದಿ ಎಂಜಿನ್ನಿನ ಹಸಿವು ನಿಜವಾಗಿಯೂ ಹೆಚ್ಚಿತೆಂದು ಕಂಡ ಮೇಲೆಯೇ ಕಾರ್ಬುರೇಟರಿಗೆ ಕೈಹಾಕುತ್ತಾರೆ. ಬದಲಾಯಿಸಿದ ಮೇಲೆ ಜೆಟ್ಟುಗಳನ್ನು ಹೊಸದಾಗಿ ಆರಿಸುತ್ತಾರೆ; ಮೊದಲು ಬೇಕಾದುದಕ್ಕಿಂತ ದೊಡ್ಡದನ್ನು ಹಾಕಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣ ನೋಡುತ್ತ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಾರೆ. ಪೆಟ್ರೋಲ್ ಹೆಚ್ಚಾದರೆ ಹೊಗೆ ಬಂದೀತು, ಪ್ಲಗ್ ಮಸಿಗಟ್ಟೀತು. ಕಡಿಮೆಯಾದರೆ ಪಿಸ್ಟನ್ನೇ ತೂತಾದೀತು. ತಪ್ಪಬೇಕಾದರೆ ಯಾವ ಕಡೆಗೆ ತಪ್ಪಬೇಕೆಂಬುದು ಅವರಿಗೆ ಗೊತ್ತು.

ಆ ಸಂಪ್ರದಾಯಕ್ಕೂ ಸಂಧ್ಯಾಕಾಲ ಬಂದಿತು. ಮೂರು ಚಕ್ರದ ಗಾಡಿಗಳು ಮಗುಚಿ, ಮಕ್ಕಳೂ ಸೇರಿದಂತೆ ಅನೇಕರು ಸತ್ತದ್ದರಿಂದ, 1988ರಲ್ಲಿ ಅಮೆರಿಕದ ಸರ್ಕಾರದೊಡನೆ ನ್ಯಾಯಾಲಯದ ಮೂಲಕ ಆದ ಒಪ್ಪಂದದಂತೆ ತಯಾರಕರು ಅವುಗಳ ಮಾರಾಟವನ್ನು ನಿಲ್ಲಿಸಿದರು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲಿನ ಒಂದು ಪಾಲು ಹೊಗೆಯೊಡನೆ ಹೊರಬೀಳುವುದು ಅದರ ಹುಟ್ಟುಗುಣ. 2002ರಲ್ಲಿ ಅಲ್ಲಿ ರೂಪುಗೊಂಡು 2006ರ ಮಾದರಿಗಳಿಂದ ಜಾರಿಗೆ ಬಂದ ಹೊಗೆಯ ನಿಯಮಗಳ ಮುಂದೆ ಅದು ನಿಲ್ಲಲಿಲ್ಲ. ಅಮೆರಿಕದ ಪೇಟೆಯಲ್ಲಿ ಬ್ಯಾನ್ಶೀಯ ಕೊನೆಯ ಮಾದರಿಯೂ 2006ರದೇ. ನಮ್ಮ ಮೈಸೂರಿನ ಕಾರ್ಖಾನೆ ಅದಕ್ಕೂ ಹತ್ತು ವರ್ಷ ಮುಂಚೆ, 1996ರಲ್ಲಿ, ಬಾಗಿಲು ಮುಚ್ಚಿತ್ತು. 2020ರಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಬಹುಪಾಲು ಕಾರ್ಬುರೇಟರನ್ನೇ ಕೈಬಿಟ್ಟವು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸ ಈಗ ವಿದ್ಯುತ್ತಿನ ಆಜ್ಞೆಯಂತೆ ನಡೆಯುತ್ತದೆ.

ಆದರೂ ಹಳೆಯ ಗಾಡಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಯಾವನೋ ಒಬ್ಬ ತರುಣ ದೊಡ್ಡ ಕಾರ್ಬುರೇಟರೊಂದನ್ನು ಕೈಯಲ್ಲಿ ಹಿಡಿದುಕೊಂಡು ಇಂದೂ ಎಲ್ಲಿಯೋ ಒಂದು ಓಣಿಯಲ್ಲಿ ನಿಂತಿರಬಹುದು. ಅವನ ಆಸೆಯನ್ನು ನಾನು ಹಳಿಯಲಾರೆ. ಕಾಡೆನ್ನನ ಆಸೆಯೂ ಅದೇ ಆಗಿತ್ತು. ಆದರೆ ಕಾಡೆನ್ ತನ್ನ ಎಂಜಿನ್ನಿನ ಹಸಿವನ್ನು ಮೊದಲು ಬೆಳೆಸಿದನು. ನನ್ನ ಮಿತ್ರ ಬಾಯಿಯನ್ನು ಮಾತ್ರ ಅಗಲಿಸಿದನು.

ಆ ಘಟನೆಯ ಮರುದಿನ ನಾವಿಬ್ಬರೂ ಕೈಕಾಲಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಸಾಹೇಬರ ಅಂಗಡಿಗೆ ಹೋದೆವು. ಅವರು ಬೈಯಲಿಲ್ಲ. ಸಿಲಿಂಡರನ್ನು ಬಿಚ್ಚಿ, ಗೀರುಬಿದ್ದ ಪಿಸ್ಟನ್ನನ್ನು ಹಳೆಯ ಬಟ್ಟೆಯಿಂದ ಒರೆಸಿ ನನ್ನ ಮಿತ್ರನ ಅಂಗೈಯಲ್ಲಿಟ್ಟರು. "ಇದನ್ನ ಮನೇಲಿ ಇಟ್ಕೊಳಪ್ಪಾ. ಹೊಸದು ನಾನು ಹಾಕ್ಕೊಡ್ತೀನಿ" ಎಂದರು. ಆಮೇಲೆ ತಮ್ಮ ಹಲಗೆಪೆಟ್ಟಿಗೆಯನ್ನು ತೆರೆದು, ಅವನ ಗಾಡಿಯ ಹಳೆಯ ಚಿಕ್ಕ ಕಾರ್ಬುರೇಟರಿಗೆ ಒಪ್ಪುವ ಜೆಟ್ಟನ್ನು ಹುಡುಕತೊಡಗಿದರು.